ಕರಡಿಯ ತಲೆ ಯಾರ ಕಡೆ

ಜಗುಲಿಯ ಮೇಲೆ ಒಂದು ಕರಡಿ ಬಂದು ಮಲಗಿದರೆ ತಲೆಯ ಕಡೆಯವರಿಗೆ ಆಗುವ ಖರ್ಚು ಇಷ್ಟು: ದಿನಕ್ಕೆ ಎರಡು ಕೊಡ ನೀರು. ಕರಡಿ ಅದನ್ನು ಕುಡಿಯುವುದಿಲ್ಲ, ಮೂಗು ಅದ್ದಿ ತೆಗೆಯುತ್ತದೆ, ಆಮೇಲೆ ಆ ನೀರನ್ನು ಕರಿಬೇವಿನ ಗಿಡಕ್ಕೆ ಸುರಿಯಬೇಕು. ಮುಖ ಒರೆಸಲು ಮೆತ್ತಗಿನ ಹಳೆಯ ಸೀರೆ, ಚಳಿಗಾಲ ಮುಗಿಯುವಷ್ಟರಲ್ಲಿ ಅದು ಚಿಂದಿಯಾಗುತ್ತದೆ. ನೋಡಲು ಬಂದವರಿಗೆ ಕಾಫಿ, ಅವರ ಜೊತೆ ಬಂದ ಮಕ್ಕಳಿಗೆ ಹುರಿಗಡಲೆ, ಬೆಲ್ಲ. ಹೂವು, ಊದುಬತ್ತಿ, ಮೇಣದ ಬತ್ತಿ ಬಂದವರೇ ತರುತ್ತಾರೆ, ಅದು ಲೆಕ್ಕಕ್ಕಿಲ್ಲ. ಇನ್ನು ಹಿಂಭಾಗದ ಕಡೆಯವರಿಗೆ ಆಗುವ ಖರ್ಚು: ತಿಂಗಳಿಗೊಂದು ಪೊರಕೆ, ಏಕೆಂದರೆ ಕೂದಲು ಉದುರುತ್ತದೆ. ಗಿರಣಿಯ ಬಾಗಿಲಿಗೆ ಗೋಣಿಚೀಲದ ಪರದೆ, ಏಕೆಂದರೆ ಆ ಕೂದಲು ಊರವರ ಹಿಟ್ಟಿಗೆ ಬೀಳಬಾರದು. ಅಷ್ಟೇ.

ಮೊದಲನೆಯ ಖರ್ಚು ನನ್ನ ಓರಗಿತ್ತಿ ದಾಕ್ಷಾಯಿಣಿಯದು. ಎರಡನೆಯದು ನನ್ನದು. ಯಾರು ನೋಡಿದರೂ ಅವಳ ಖರ್ಚೇ ಹೆಚ್ಚು ಎನ್ನುತ್ತಾರೆ. ಆ ಹೆಚ್ಚಿನ ಖರ್ಚು ನನ್ನ ಪಾಲಿಗೆ ಬರಲಿಲ್ಲವಲ್ಲ ಎಂದೇ ನನ್ನ ಹೊಟ್ಟೆ ಉರಿಯುತ್ತಿದ್ದುದು.

ನಮ್ಮದು ಅಣ್ಣತಮ್ಮಂದಿರು ಪಾಲು ಮಾಡಿಕೊಂಡ ಮನೆ. ನನ್ನ ಗಂಡ ಹಿರಿಯವರು, ದಾಕ್ಷಾಯಿಣಿಯ ಗಂಡ ಕಿರಿಯ. ಒಳಗೆ ಗೋಡೆ ಎದ್ದಿತು, ಹೊರಗಿನ ಜಗುಲಿ ಮಾತ್ರ ಒಂದೇ ಉಳಿಯಿತು. ಜಗುಲಿಯ ನಡುವೆ ಒಂದು ಕಂಬ. ಕಂಬದಿಂದ ಆಚೆ ಅವಳದು, ಈಚೆ ನನ್ನದು. ನನ್ನ ಕಡೆಯ ಕೊನೆಗೆ ಹಿಟ್ಟಿನ ಗಿರಣಿ. ಗೋಡೆ ಕಟ್ಟುವಾಗ ಎರಡು ಅಡುಗೆಮನೆಗಳ ನಡುವೆ ಒಂದು ಗೂಡು ಬಿಡಿ ಎಂದು ಗಾರೆಯವನಿಗೆ ಹೇಳಿದವಳು ನಾನೇ. ಆ ಗೂಡಿನಲ್ಲಿ ಹೆಪ್ಪು, ಕರಿಬೇವು, ಬಿಸಿ ಪಲ್ಯದ ಬಟ್ಟಲು ಆಚೆ ಈಚೆ ಹೋಗುತ್ತಿದ್ದವು. ಪಕ್ಕದ ಬೀದಿಯ ಸುದ್ದಿಯೂ ಹೋಗುತ್ತಿತ್ತು. ಮದುವೆಯಾಗಿ ಬಂದಾಗ ದಾಕ್ಷಾಯಿಣಿಗೆ ರೊಟ್ಟಿ ತಟ್ಟಲು ಬರುತ್ತಿರಲಿಲ್ಲ. ಅವಳ ಬೆರಳು ಹಿಡಿದು ಕಲಿಸಿದವಳು ನಾನು. ಗಂಡಸರು ಪಾಲಾದರು, ನಾವಿಬ್ಬರು ಆಗಿರಲಿಲ್ಲ.

ನಮ್ಮೂರಿಗೆ ಬಂದವರು ಮೊದಲು ಓದುಮನೆ ಎಲ್ಲಿದೆ ಎಂದು ಕೇಳುತ್ತಾರೆ. ಹಳೆಯ ಹಂಚಿನ ಕಟ್ಟಡ ಅದು. ಒಳಗೆ ಪುಸ್ತಕಗಳು ತುಂಬಾ ಇದ್ದರೂ ಜನ ಬರುವುದು ಒಂದೇ ಪುಸ್ತಕಕ್ಕೆ. ಮಕ್ಕಳ ಪುಸ್ತಕ. ಹೆಸರು 'ಬೀಸುಕಲ್ಲಿನಾಚೆಯ ಊರು'. ದೀಪಾವಳಿ ಕಳೆದ ಮೇಲೆ ಅಂಬುಜಾ ಟೀಚರ್ ಸಂಜೆ ಸಂಜೆ ಅದನ್ನು ಎಲ್ಲರ ಮುಂದೆ ಓದುತ್ತಾರೆ. ಓದು ಮುಗಿದ ದಿನ ದೊಡ್ಡವರು ಒಬ್ಬೊಬ್ಬರಾಗಿ ಪರದೆಯ ಹಿಂದೆ ಹೋಗಿ, ಮುಚ್ಚಿದ ಪುಸ್ತಕದ ಹತ್ತಿರ ಬಾಯಿ ಇಟ್ಟು ತಮ್ಮ ಅಭಿಪ್ರಾಯ ಹೇಳಿ ಬರಬೇಕು. ಮಕ್ಕಳನ್ನು ಕೇಳುವುದಿಲ್ಲ. ಕಥೆ ಅವರದು, ಅಭಿಪ್ರಾಯ ನಮ್ಮದು. ಮಾರನೆಯ ಬೆಳಿಗ್ಗೆ ಪುಸ್ತಕ ತೆರೆದರೆ ಚಿತ್ರಗಳಲ್ಲಿ ಹುಲ್ಲು, ಬಂಡೆ, ಮಕ್ಕಳು ಇರುತ್ತಾರೆ. ಕರಡಿ ಇರುವುದಿಲ್ಲ. ಅದು ಯಾರದೋ ಮನೆಯ ಮುಂದೆ ಮಲಗಿರುತ್ತದೆ. ಶಿವರಾತ್ರಿಗೆ ಚಳಿ ಇಳಿದ ಮೇಲೆ ಎದ್ದು ವಾಪಸ್ಸು ಹೋಗುತ್ತದೆ. ಆಗ ಪುಸ್ತಕದಲ್ಲಿ ಮತ್ತೆ ಕಾಣುತ್ತದೆ, ಸ್ವಲ್ಪ ದೂಳು ಹಿಡಿದು.

ಕಥೆ ಎಲ್ಲರಿಗೂ ಬಾಯಿಪಾಠ. ಮೂರು ಮಕ್ಕಳು ಅಜ್ಜಿಯ ಬೀಸುಕಲ್ಲಿನ ಬಾಯೊಳಗೆ ಜಾರಿ ಬೇರೊಂದು ಊರಿಗೆ ಬೀಳುತ್ತಾರೆ. ಆ ಊರಲ್ಲಿ ಬೆಳಗೇ ಆಗುವುದಿಲ್ಲ. ಬೆಳಗನ್ನು ಒಬ್ಬ ರಾಣಿ ಪೆಟ್ಟಿಗೆಯಲ್ಲಿ ಬೀಗ ಹಾಕಿ ಇಟ್ಟಿದ್ದಾಳೆ. ಎರಡು ಕಣ್ಣು ಕೊಟ್ಟರೆ ಬೀಗ ತೆಗೆಯುತ್ತೇನೆ ಎನ್ನುತ್ತಾಳೆ. ಮಕ್ಕಳಲ್ಲಿ ಒಬ್ಬನ ಮೇಲೆ ಅವಳ ದೃಷ್ಟಿ. ಆಗ ಅವರನ್ನು ಬೆನ್ನ ಮೇಲೆ ಹೊತ್ತು ತಂದ ಕರಡಿ ಒಂದು ಸಲ ಮೇಲೆ ನೋಡಿ, ತನ್ನ ಎರಡೂ ಕಣ್ಣು ತೆಗೆದು ಕೊಟ್ಟುಬಿಡುತ್ತದೆ. ಬೆಳಗಾಗುತ್ತದೆ. ಕೊನೆಯ ಪುಟದಲ್ಲಿ, ಬೆಳಕು ಬಂದಾಗ ಎಲ್ಲರಿಗಿಂತ ಮೊದಲು ನಕ್ಕದ್ದು ಕರಡಿ ಎಂದು ಬರೆದಿದೆ. ಕಣ್ಣಿಲ್ಲದ್ದಕ್ಕೆ ಮೊದಲು ಹೇಗೆ ಗೊತ್ತಾಯಿತು ಎಂಬುದೇ ನಮ್ಮೂರಿನ ಜಗಳ.

ಜೋಯಿಸರು ಇದು ಅವತಾರ ಎನ್ನುತ್ತಾರೆ. ದರ್ಜಿ ಬೆಂಜಮಿನ್ ತನ್ನ ಯೇಸುಸ್ವಾಮಿಯೇ ಎನ್ನುತ್ತಾನೆ. ಕಲಾಯಿ ದಸ್ತಗೀರ್ ಸಾಬರು ಕರಡಿ ಬರೀ ಸೇವಕ, ಅದು ಮೇಲೆ ನೋಡಿತಲ್ಲ, ಅಲ್ಲಿ ಇರುವವನೇ ದೇವರು ಎನ್ನುತ್ತಾರೆ. ಪೋಸ್ಟ್ ಮಾಸ್ಟರ್ ಲೋಕನಾಥ್ ಮಾತ್ರ, ಬರೆದವನು ಸಕ್ಕರೆ ಪಾಕದಲ್ಲಿ ಭಕ್ತಿಯನ್ನು ಅದ್ದಿ ಮಕ್ಕಳಿಗೆ ತಿನ್ನಿಸಿದ್ದಾನೆ, ಕರಡಿ ಎಂದರೆ ಕರಡಿ ಅಷ್ಟೇ ಎನ್ನುತ್ತಾನೆ. ಯಾರ ಅಭಿಪ್ರಾಯ ಸರಿಯೋ ಅವರ ಮನೆಗೆ ಕರಡಿ ಬರುತ್ತದೆ ಎಂದು ಊರು ನಂಬಿದೆ. ಬಂದ ಮನೆಗೆ ಮರ್ಯಾದೆ. ಮಗುವಿಗೆ ಹೆಸರಿಡುವುದಿರಲಿ, ಬಾವಿಗೆ ಜಾಗ ಗುರುತಿಸುವುದಿರಲಿ, ಆ ವರ್ಷವೆಲ್ಲ ಮೊದಲು ಕರೆಯುವುದು ಆ ಮನೆಯವರನ್ನು.

ಹೋದ ವರ್ಷ ಅದು ನಮ್ಮ ಜಗುಲಿಗೆ ಬಂತು. ಬೆಳಿಗ್ಗೆ ಕಸ ಗುಡಿಸಲು ಬಾಗಿಲು ತೆಗೆದರೆ ಕಾಲಿನ ಹತ್ತಿರ ಕಪ್ಪಗೆ, ಮಂಚದಷ್ಟು ದೊಡ್ಡದೊಂದು ಉಸಿರಾಡುತ್ತಿತ್ತು. ನಾನು ಕೈ ಜೋಡಿಸಿ ನಿಂತೆ. ಗಿರಣಿಯಲ್ಲಿ ನಿಂತು ಇಷ್ಟು ವರ್ಷ ಊರಿನ ಅಕ್ಕಿ ರಾಗಿ ಬೀಸಿದ್ದು ಸಾರ್ಥಕವಾಯಿತು ಎಂದುಕೊಂಡೆ. ಆಮೇಲೆ ಸರಿಯಾಗಿ ನೋಡಿದೆ. ನಾನು ಕೈ ಜೋಡಿಸಿದ್ದು ಬಾಲಕ್ಕೆ. ಅದರ ಹೊಟ್ಟೆ ಕಂಬದ ಬುಡದಲ್ಲಿತ್ತು. ಸೊಂಟ, ಹಿಂಗಾಲು ನನ್ನ ಕಡೆ, ನಾನು ಮಲಗುವ ಕೋಣೆಯ ಗೋಡೆಗೆ ಒತ್ತಿಕೊಂಡಿದ್ದವು. ತಲೆ, ಎರಡು ಮುಂಗಾಲುಗಳ ನಡುವೆ, ದಾಕ್ಷಾಯಿಣಿಯ ಹೊಸ್ತಿಲ ಮೇಲಿತ್ತು. ಅವಳು ಬಾಗಿಲು ತೆಗೆದು, ಸೆರಗಿನ ತುದಿ ಬಾಯಿಗೆ ಅಡ್ಡ ಹಿಡಿದು, "ಅಕ್ಕಯ್ಯ, ಈಗ ನಾನು ಹಾಲು ತರೋಕೆ ಹೇಗೆ ಹೋಗೋದು?" ಎಂದಳು.

ಮನೆಗೆ ಕರಡಿ ಬಂದವಳು ಕೇಳುವ ಮಾತೇ ಅದು?

ಮಧ್ಯಾಹ್ನದ ಹೊತ್ತಿಗೆ ಊರೆಲ್ಲ ಬಂತು. ಎಲ್ಲರೂ ನನ್ನ ಗಿರಣಿಯ ಮುಂದಿನಿಂದಲೇ ಹಾದು, ಕಂಬ ಬಳಸಿ, ತಲೆಯ ಕಡೆ ಹೋಗಿ ಕುಳಿತರು. ನನ್ನ ಯಜಮಾನರೂ ಕಾಫಿ ಲೋಟ ಹಿಡಿದು ಅಲ್ಲಿಗೆ ಹೋದರು. ನಲವತ್ತು ವರ್ಷ ನನ್ನ ಎದುರು ಕೂತು ಕಾಫಿ ಕುಡಿದ ಮನುಷ್ಯ.

"ಅಲ್ಲಿ ಏನಿದೆ ಅಂತ ಹೋಗ್ತೀರಿ?" ಎಂದು ಸಂಜೆ ಕೇಳಿದೆ.

"ಮುಖ ಇದೆ ಕಣೇ," ಎಂದರು.

"ಇಲ್ಲಿ ನನ್ನ ಮುಖ ಇರ್ಲಿಲ್ವಾ?"

"ನಿನ್ನ ಮುಖ ಶಿವರಾತ್ರಿ ಆದ್ಮೇಲೂ ಇರುತ್ತಲ್ಲ," ಎಂದು ಸುಮ್ಮನೆ ಹೇಳಿ ಕೈ ತೊಳೆಯಲು ಎದ್ದರು.

ಜೋಯಿಸರು ದಿನಾ ಬೆಳಿಗ್ಗೆ ಒಂದು ಹಿಡಿ ತುಂಬೆ ಹೂ ತಂದು ಕರಡಿಯ ಮೂಗಿನ ಮುಂದೆ ಇಡುತ್ತಿದ್ದರು. ಬೆಂಜಮಿನ್ ಮೇಣದ ಬತ್ತಿ ತರುತ್ತಿದ್ದ. ಗಾಳಿಗೆ ಅದು ಆರದಂತೆ ದಾಕ್ಷಾಯಿಣಿ ತೆಂಗಿನ ಚಿಪ್ಪು ಅಡ್ಡ ಇಡುತ್ತಿದ್ದಳು. ದಸ್ತಗೀರ್ ಸಾಬರು ಏನೂ ತರುತ್ತಿರಲಿಲ್ಲ. ಕೂತು ಬೀಡಿ ಹಚ್ಚದೆ ಕೈಯಲ್ಲೇ ಹಿಡಿದುಕೊಂಡು, ಇವರಿಬ್ಬರಿಗೂ ಬುದ್ಧಿ ಹೇಳುತ್ತಿದ್ದರು. "ಟಪಾಲು ತಂದವರಿಗೆ ನೀರು ಕೊಡಿ, ಬೇಡ ಅನ್ನಲ್ಲ. ಟಪಾಲು ಬರೆದವರು ಅವರೇ ಅಂತ ಕಾಲಿಗೆ ಬಿದ್ರೆ ಹೇಗೆ?" ಅದಕ್ಕೆ ಲೋಕನಾಥ್, "ನನ್ನ ಇಲಾಖೆ ವಿಷಯ ಎತ್ತಬೇಡಿ ಸಾಬ್ರೇ, ಟಪಾಲೇ ಇಲ್ಲ ಅಂತ ನಾನು ಹೇಳ್ತಿರೋದು," ಎನ್ನುತ್ತಿದ್ದ. ಹಾಗೆ ಹೇಳಿದರೂ ದಿನ ತಪ್ಪದೆ ಬರುತ್ತಿದ್ದ, ಅದೂ ತಲೆಯ ಕಡೆಗೇ.

ಒಂದು ದಿನ ನಾನು ಪೊರಕೆ ಹಿಡಿದೇ ಜೋಯಿಸರನ್ನು ತಡೆದೆ. "ಸ್ವಾಮಿ, ಈ ಕಡೆಗೂ ಒಂದು ಹೂ ಇಟ್ಟು ಹೋಗಿ."

ಅವರು ಆ ಕಡೆ ನೋಡಿ ಗಂಟಲು ಸರಿ ಮಾಡಿಕೊಂಡರು. "ಅಲ್ಲಿ ಎಲ್ಲಿ ಇಡೋದು ರುದ್ರಮ್ಮ, ಅದು ಹಿಂದುಗಡೆ."

"ಹಿಂದುಗಡೆ ಆದ್ರೇನು, ಕರಡಿಯೇ ಅಲ್ವಾ? ನಿಮ್ಮ ದೇವರು ಸೊಂಟದ ಹತ್ತಿರಕ್ಕೆ ಮುಗಿದುಹೋಗ್ತಾನಾ?"

ತಲೆಯ ಕಡೆ ಕೂತವರೆಲ್ಲ ತಿರುಗಿ ನೋಡಿದರು. ಬೆಂಜಮಿನ್ ಯೋಚಿಸಿ ಹೇಳಿದ, "ಕಣ್ಣು ಕೊಟ್ಟಿದ್ದು ಮುಖದಿಂದ ತಾನೇ ರುದ್ರಮ್ಮ? ಹಾಗಾಗಿ ಮುಖಕ್ಕೇ ಹೆಚ್ಚು."

"ಮಕ್ಕಳನ್ನ ಹೊತ್ತಿದ್ದು ಬೆನ್ನು," ಎಂದೆ. "ಹೊತ್ತವರಿಗೆ ಒಂದು ಹೂ ಇಲ್ವಾ?"

ದಸ್ತಗೀರ್ ಸಾಬರಿಗೆ ನಗು ಬಂತು. "ಹೆಣ್ಣುಮಗಳು ಸರಿಯಾಗೇ ಕೇಳಿದ್ರು. ನಾನಂತೂ ಯಾವ ಕಡೆಗೂ ಇಡಲ್ಲ, ನನಗೆ ಕಷ್ಟ ಇಲ್ಲ." ಜೋಯಿಸರು ಕೊನೆಗೆ ಕಂಬದ ಬುಡದಲ್ಲಿ, ಸರಿಯಾಗಿ ಪಾಲಿನ ಗೆರೆಯ ಮೇಲೆ, ಒಂದೇ ಒಂದು ಹೂ ಇಟ್ಟರು. ಕರಡಿ ಮಗ್ಗುಲಾದಾಗ ಅದು ಉರುಳಿ ಅವಳ ಕಡೆಗೆ ಹೋಯಿತು.

ಇಷ್ಟಾದರೂ ನಾನು ತಡೆದುಕೊಂಡಿದ್ದೆ. ತಡೆಯಲಾಗದೆ ಹೋದದ್ದು ಸೀಗೆಮಾವಿನ ಬೀದಿಯ ನಾಮಕರಣದಲ್ಲಿ. ನಮ್ಮ ನಾದಿನಿಯ ಮೊಮ್ಮಗು. ತೊಟ್ಟಿಲಿಗೆ ಮೊದಲು ಕೈ ಹಚ್ಚುವುದು ನಾದಿನಿಯ ತವರಿನ ಹಿರಿಯ ಸೊಸೆ. ಇದು ಯಾರೂ ಹೇಳಿಕೊಡಬೇಕಾದ ಮಾತಲ್ಲ. ನಾನು ಸೀರೆ ನೆರಿಗೆ ಸರಿ ಮಾಡಿಕೊಂಡು ಎದ್ದೆ. ಅಷ್ಟರಲ್ಲಿ ನಾದಿನಿ ಅರಿಶಿನ ಕುಂಕುಮದ ತಟ್ಟೆ ಹಿಡಿದು ನನ್ನ ದಾಟಿ ಹೋಗಿ, ಹಿಂದೆ ಗೋಡೆಗೆ ಒರಗಿ ಕೂತಿದ್ದ ದಾಕ್ಷಾಯಿಣಿಯ ಮುಂದೆ ನಿಂತಳು. ದಾಕ್ಷಾಯಿಣಿ ನನ್ನ ಮುಖ ನೋಡಿದಳು. "ಅಕ್ಕಯ್ಯ ಇದಾರಲ್ಲ," ಎಂದಳು. "ಇರ್ಲಿ ಬಾರೇ, ಕರಡಿ ಮನೆಯವಳು ನೀನು," ಎಂದಳು ನಾದಿನಿ. ಎದ್ದು ನಿಂತವಳು ನಾನು, ಮತ್ತೆ ಕೂರಬೇಕಾಯಿತು. ಎದ್ದದ್ದಕ್ಕಿಂತ ಕೂರುವುದಕ್ಕೆ ಜಾಸ್ತಿ ಹೊತ್ತು ಹಿಡಿಯಿತು.

ಮನೆಗೆ ಬಂದು ಅಡುಗೆಮನೆಯ ಗೂಡಿಗೆ ಬಿಸ್ಕೆಟ್ ಡಬ್ಬದ ಮುಚ್ಚಳ ಇಟ್ಟು ಮೊಳೆ ಹೊಡೆದೆ.

ಮಾರನೆಯ ದಿನ ಆಚೆಯಿಂದ ಮುಚ್ಚಳದ ಮೇಲೆ ಚಮಚದಲ್ಲಿ ಬಡಿದ ಸದ್ದು ಬಂತು. "ಅಕ್ಕಯ್ಯ, ಗಿಣ್ಣು ಮಾಡಿದೀನಿ." ಅವಳ ಗಿಣ್ಣು ಚೆನ್ನಾಗಿರುತ್ತದೆ, ಏಲಕ್ಕಿ ಜಾಸ್ತಿ ಹಾಕುತ್ತಾಳೆ. ಮುಚ್ಚಳದ ಅಂಚಿನಿಂದ ವಾಸನೆ ಬರುತ್ತಿತ್ತು. ಒಲೆಯ ಮುಂದೆ ಕೂತು ಆ ವಾಸನೆಯನ್ನು ನುಂಗಿದೆ. ಕೆಲವು ದಿನ ಬಡಿದಳು. ಆಮೇಲೆ ಬಿಟ್ಟಳು.

ನನಗೆ ಬೇಕಾಗಿದ್ದದ್ದು ಒಂದೇ. ಪರದೆಯ ಹಿಂದೆ ಅವಳು ಹೇಳಿದ್ದಾದರೂ ಏನು? ಜೋಯಿಸರಿಗಿಂತ, ಬೆಂಜಮಿನ್‌ಗಿಂತ ಸರಿಯಾದದ್ದು ಏನು ಹೇಳಿರಬಹುದು ಇವಳು? ಒಂದು ಸಾರಿ ಬಟ್ಟೆ ಒಣಹಾಕುವಾಗ ಎದುರು ಸಿಕ್ಕಳು. ನಾನು ಹಗ್ಗದ ಕಡೆ ನೋಡುತ್ತಲೇ ಕೇಳಿದೆ.

"ನಾನೇನೂ ಹೇಳ್ಲಿಲ್ಲ ಅಕ್ಕಯ್ಯ," ಎಂದಳು. ಮುಖ ಕೆಂಪಾಗಿತ್ತು.

"ಏನೂ ಹೇಳದವರ ಮನೆಗೆ ಅದು ಯಾಕೆ ಬರುತ್ತೆ?"

"ಅದನ್ನೇ ಕೇಳಿ ನೀವು. ಹಿಂದುಗಡೆ ನಿಮ್ಮ ಹತ್ತಿರಾನೇ ಇದೆಯಲ್ಲ," ಎಂದು ಬಕೆಟ್ ಎತ್ತಿಕೊಂಡು ಹೋದಳು. ಕರಡಿ ಬಂದ ಮೇಲೆ ಬಾಯಿಯೂ ಬಂದಿದೆ ಎಂದುಕೊಂಡೆ. ಮುಚ್ಚಿಡುತ್ತಿದ್ದಾಳೆ ಎಂಬುದು ಖಾತ್ರಿಯಾಯಿತು.

ಶಿವರಾತ್ರಿಗೆ ಕರಡಿ ಎದ್ದು ಹೋಯಿತು. ಆ ಚಳಿಗಾಲ ನಾನು ಮಂಡಿಗೆ ಹಚ್ಚಲೆಂದು ಕಾಯಿಸಿಟ್ಟ ಎಣ್ಣೆ ಸೀಸೆಯಲ್ಲಿ ಹಾಗೇ ಉಳಿದಿತ್ತು. ಅದನ್ನು ಗಿರಣಿಯ ಬೆಲ್ಟಿಗೆ ಸವರಿ ಖಾಲಿ ಮಾಡಿದೆ. ಮುಂದಿನ ಸಲ ತಲೆಯನ್ನು ನನ್ನ ಕಡೆಗೆ ತಿರುಗಿಸಬೇಕು. ಅದಕ್ಕೆ ಒಳ್ಳೆಯ ಅಭಿಪ್ರಾಯ ಬೇಕು. ನಾನು ಓದಿದವಳಲ್ಲ. ಅಂಗಡಿಯ ಬೋರ್ಡು ಕೂಡಿಸಿ ಓದುತ್ತೇನೆ, ಅಷ್ಟೇ. ಆದರೆ ಒಳ್ಳೆಯ ಹಿಟ್ಟು ಆಗಬೇಕಾದರೆ ಯಾವ ಕಾಳಿಗೆ ಯಾವ ಕಾಳು ಸೇರಿಸಬೇಕು ಎನ್ನುವುದು ನನಗೆ ಗೊತ್ತು. ಹಿಟ್ಟಿಗೆ ಎಲ್ಲರೂ ಬರುತ್ತಾರೆ. ಬಂದವರು ಕಾಯಬೇಕು. ಕಾಯುವವರು ಮಾತಾಡುತ್ತಾರೆ.

ಜೋಯಿಸರು ಚಕ್ಕುಲಿ ಹಿಟ್ಟಿಗೆ ಬಂದಾಗ ಅವತಾರದ ವಿಷಯ ಎತ್ತಿದೆ. ಲೋಕಕ್ಕೆ ಕತ್ತಲೆ ಕವಿದಾಗ ಅವನು ಯಾವ ರೂಪದಲ್ಲಾದರೂ ಬರುತ್ತಾನೆ, ಮೀನಾಗಿ ಬಂದವನಿಗೆ ಕರಡಿಯಾಗುವುದು ಕಷ್ಟವೇ ಎಂದರು. ಚೆನ್ನಾಗಿದೆ ಅನಿಸಿತು, ತೆಗೆದಿಟ್ಟುಕೊಂಡೆ. ಬೆಂಜಮಿನ್ ಗೋಧಿ ತಂದ. ಇನ್ನೊಬ್ಬರ ಪಾಲಿನ ನೋವನ್ನು ತಾನು ತೆಗೆದುಕೊಳ್ಳುವುದೇ ದೇವರ ಗುರುತು, ಕೊನೆಯ ಪುಟದ ನಗು ಸಾವಿನ ಆಚೆಯ ನಗು ಎಂದ. ಹೇಳುವಾಗ ಅವನ ಕಣ್ಣು ಒದ್ದೆಯಾಯಿತು. ಅದನ್ನೂ ಇಟ್ಟುಕೊಂಡೆ. ದಸ್ತಗೀರ್ ಸಾಬರು ಜೋಳದ ಚೀಲ ಇಳಿಸಿ, "ನೀವು ಯಾಕೆ ಇದೆಲ್ಲ ಕೇಳ್ತಿದೀರಿ ಅಂತ ಗೊತ್ತಮ್ಮ," ಎಂದರು. "ಗೊತ್ತಿದ್ರೆ ಇನ್ನೂ ಒಳ್ಳೇದು, ಸರಿಯಾಗಿ ಹೇಳಿ," ಎಂದೆ. ಅವರು ನಕ್ಕು, "ಅದು ಮೇಲೆ ನೋಡಿದ ಒಂದು ಸಾಲು ಇದೆಯಲ್ಲ, ಟೀಚರ್ ಅದನ್ನ ಬೇಗ ಓದಿಬಿಡ್ತಾರೆ. ನನಗೆ ಅಲ್ಲೇ ಕೂರೋಣ ಅನ್ಸುತ್ತೆ," ಎಂದರು. ಲೋಕನಾಥ್ ಏನು ಕೇಳಿದರೂ, "ಕರಡಿಗೆ ಧರ್ಮ ಇಲ್ಲ ರುದ್ರಮ್ಮ. ದೊಡ್ಡವರು ತಮ್ಮ ಸಾಮಾನನ್ನೆಲ್ಲ ಅದರ ಬೆನ್ನ ಮೇಲೆ ಹೇರಿದಾರೆ. ನನ್ನ ಮಗಳಿಗೆ ಆ ಕಥೆಯಲ್ಲಿ ಇಷ್ಟ ಆಗಿದ್ದು ಬೀಸುಕಲ್ಲಿನೊಳಗೆ ಜಾರೋದು ಮಾತ್ರ," ಎಂದ. ಅದರಲ್ಲಿ ಮೊದಲ ಭಾಗ ಬಿಟ್ಟು ಉಳಿದದ್ದನ್ನು ತೆಗೆದುಕೊಂಡೆ.

ಇವನ್ನೆಲ್ಲ ಕಲೆಸಿ, ಗಿರಣಿಯ ಸದ್ದಿನಲ್ಲಿ ಯಾರಿಗೂ ಕೇಳದಂತೆ, ವರ್ಷವಿಡೀ ಗಟ್ಟಿಯಾಗಿ ಹೇಳಿ ಹೇಳಿ ಅಭ್ಯಾಸ ಮಾಡಿದೆ. ನಡುವೆ ಗೋಡೆಯಾಚೆ ದಾಕ್ಷಾಯಿಣಿ ಕೆಮ್ಮಿದ್ದು ಕೇಳಿಸುತ್ತಿತ್ತು, ಒಗ್ಗರಣೆ ಚಟಗುಟ್ಟಿದ್ದು ಕೇಳಿಸುತ್ತಿತ್ತು. ಯುಗಾದಿಗೆ ಬೇವುಬೆಲ್ಲ ಕೊಡಲು ಬಂದಳು, ಬಾಗಿಲಲ್ಲೇ ತೆಗೆದುಕೊಂಡು ಕಳಿಸಿದೆ. ಅವಳಿಗೆ ಜ್ವರ ಬಂದಾಗ ಗಂಜಿ ಮಾಡಿ ನಮ್ಮವರ ಕೈಯಲ್ಲಿ ಕಳಿಸಿದೆ, ನಾನು ಹೋಗಲಿಲ್ಲ.

ಈ ವರ್ಷ ಓದು ಮುಗಿದ ದಿನ ಪರದೆಯ ಹಿಂದೆ ಹೋದೆ. ಪುಸ್ತಕ ಮಣೆಯ ಮೇಲಿತ್ತು. ಬಟ್ಟೆಯ ರಟ್ಟು, ಮೂಲೆಗಳು ಸವೆದು ನೂಲು ಎದ್ದಿದ್ದವು. ಬಗ್ಗಿದರೆ ಮಂಡಿ ನೋಯಿತು, ಆದರೂ ಬಗ್ಗಿ ಶುರು ಮಾಡಿದೆ. ಅವತಾರ ಹೇಳಿದೆ. ನೋವು ತೆಗೆದುಕೊಳ್ಳುವುದು ಹೇಳಿದೆ. ಮೇಲೆ ನೋಡಿದ ಸಾಲು ಹೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದೆ, ದಸ್ತಗೀರ್ ಸಾಬರು ಹೇಳುವಾಗ ಹಾಗೆ ಸುಮ್ಮನಾಗಿದ್ದರು. ಹೊರಗೆ ಸರದಿಯಲ್ಲಿ ನಿಂತವರು ಕೆಮ್ಮತೊಡಗಿದರು. "ಇನ್ನೂ ಇದೆಯಾ ರುದ್ರಮ್ಮ?" ಎಂದು ಅಂಬುಜಾ ಟೀಚರ್ ಕೇಳಿದರು. "ಆಯ್ತು ಟೀಚರ್," ಎಂದು ಎದ್ದವಳು, ಮತ್ತೆ ಬಗ್ಗಿ, ಅಭ್ಯಾಸ ಮಾಡದ ಒಂದು ಮಾತು ಹೇಳಿಬಿಟ್ಟೆ: "ತಲೆ ಈ ಸಲ ನನ್ನ ಕಡೆ ಇರ್ಲಿ." ಹೊರಗೆ ಬರುವಾಗ ನನ್ನ ಹಿಂದಿನ ಸರದಿಯಲ್ಲಿ ದಾಕ್ಷಾಯಿಣಿ ನಿಂತಿದ್ದಳು. ಅವಳ ತುಟಿ ಅಲ್ಲಾಡುತ್ತಿತ್ತು, ಏನನ್ನೋ ಮನಸ್ಸಿನಲ್ಲೇ ಹೇಳಿಕೊಳ್ಳುವ ಹಾಗೆ. ಈ ಸಲವೂ ಗೆಲ್ಲಲು ಬಂದಿದ್ದಾಳೆ ಎಂದುಕೊಂಡೆ.

ಬೆಳಿಗ್ಗೆ ಎದ್ದು, ಮುಖ ತೊಳೆದು, ಕುಂಕುಮ ಇಟ್ಟುಕೊಂಡು ಬಾಗಿಲು ತೆಗೆದೆ. ಜಗುಲಿ ಖಾಲಿ. ನನ್ನ ಕಡೆಯೂ ಖಾಲಿ, ಅವಳ ಕಡೆಯೂ ಖಾಲಿ. ಹೋದ ವರ್ಷ ಕರಡಿ ಮಲಗಿದ್ದ ಜಾಗದಲ್ಲಿ ನೆಲ ಸ್ವಲ್ಪ ನುಣುಪಾಗಿತ್ತು. ಅದೇ ಹೊತ್ತಿಗೆ ದಾಕ್ಷಾಯಿಣಿಯ ಬಾಗಿಲೂ ತೆರೆಯಿತು. ಅವಳೂ ಮುಖ ತೊಳೆದಿದ್ದಳು. ಕಂಕುಳಲ್ಲಿ ಮುಖ ಒರೆಸುವ ಹಳೆಯ ಸೀರೆ ಮಡಿಸಿ ಇಟ್ಟುಕೊಂಡಿದ್ದಳು.

ಬೀದಿಯ ಕೊನೆಯಲ್ಲಿ ಜನ ಸೇರಿದ್ದರು. ದಸ್ತಗೀರ್ ಸಾಬರ ಮನೆ. ಅವರ ಮನೆಗೆ ಜಗುಲಿಯೂ ಇಲ್ಲ. ಕಲಾಯಿ ಹಾಕುವ ತಿದಿಯ ಪಕ್ಕದಲ್ಲಿ, ಬಾಗಿಲಿಗೆ ಅಡ್ಡಲಾಗಿ, ಇಡೀ ಕರಡಿ ಮಲಗಿತ್ತು. ಸಾಬರು ಎರಡು ಕೈ ಚಾಚಿ ಹೂ ತಂದವರನ್ನು ತಡೆಯುತ್ತಿದ್ದರು. ಅವರ ಮಾತು ನಮ್ಮವರೆಗೆ ಕೇಳುತ್ತಿತ್ತು. "ಬೇಡ ಜೋಯಿಸರೇ, ಇಲ್ಲಿ ಬೇಡ, ಬನ್ನಿ, ಚಹಾ ಕುಡಿದು ಹೋಗಿ. ನಾನು ಈ ಸಲ ಓದುಮನೆಗೆ ಹೋಗೇ ಇಲ್ಲ, ಮದುವೆ ಪಾತ್ರೆ ಕೆಲಸ ಇತ್ತು." ಹೋದವಳು ಅವರ ಹೆಂಡತಿ ಜೈನಬಿಯಂತೆ. ಏನು ಹೇಳಿದಿರಿ ಎಂದು ಹೆಂಗಸರು ಸುತ್ತುಗಟ್ಟಿ ಕೇಳುತ್ತಿದ್ದರು. ಅವಳು ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು, ಹೇಳುತ್ತಿರಲಿಲ್ಲ.

ನಾವಿಬ್ಬರೂ ಕಂಬದ ಎರಡು ಪಕ್ಕದಲ್ಲಿ ನಿಂತು ನೋಡಿದೆವು.

"ತಿದಿ ಪಕ್ಕ ಮಲಗಿಸಿದಾರೆ," ಎಂದಳು ದಾಕ್ಷಾಯಿಣಿ. ನನಗೆ ಹೇಳಿದಳೋ, ತನಗೆ ತಾನೇ ಹೇಳಿಕೊಂಡಳೋ ಗೊತ್ತಾಗಲಿಲ್ಲ.

"ಹೊಗೆ," ಎಂದೆ.

"ಕಣ್ಣಿಲ್ಲ ಸರಿ. ಮೂಗು ಬೇಡ್ವಾ?"

"ನೀರಿನ ಕೊಡಾನೂ ಇಟ್ಟಿಲ್ಲ ನೋಡು."

"ಮುಖ ಒರೆಸೋದು ಆ ಜೈನಬಿಗೆ ಏನು ಗೊತ್ತು? ಮೂಗಿನ ಪಕ್ಕದಿಂದ ಶುರು ಮಾಡ್ಬೇಕು, ಇಲ್ಲದಿದ್ರೆ ಅದು ತಲೆ ಕೊಡವುತ್ತೆ." ಅವಳು ಕಂಕುಳಿನ ಸೀರೆ ಬಿಡಿಸಿ ಮತ್ತೆ ಮಡಿಸಿದಳು. ಆಮೇಲೆ ಜಗುಲಿಯ ಮೇಲೆ ಕೂತಳು. ನಾನೂ ಕೂತೆ.

"ಈಗಲಾದ್ರೂ ಹೇಳು," ಎಂದೆ. "ಹೋದ ವರ್ಷ ಏನ್ ಹೇಳಿದ್ದೆ?"

"ನಗಬಾರದು ಅಕ್ಕಯ್ಯ. ಕೊನೆ ದಿನ ನಾನು ನಿದ್ದೆ ಹೋಗ್ಬಿಟ್ಟಿದ್ದೆ. ಬೆಳಿಗ್ಗೆಯಿಂದ ಹಪ್ಪಳ ಒತ್ತಿದ್ದು, ಕೂತಲ್ಲೇ ಕಣ್ಣು ಮುಚ್ಚಿಹೋಯ್ತು. ಎದ್ದಾಗ ಎಲ್ಲ ಸರದಿಯಲ್ಲಿ ನಿಂತಿದ್ರು. ಪರದೆ ಹಿಂದೆ ಹೋಗಿ, ನಾನು ಮಲಗಿಬಿಟ್ಟೆ, ಕೊನೆಗೆ ನಿನಗೆ ಏನಾಯ್ತು ಅಂತ ಕೇಳಿ ಬಂದೆ."

"ಕಥೆ ನಿನಗೆ ಗೊತ್ತೇ ಇದೆಯಲ್ಲೇ. ವರ್ಷಾ ವರ್ಷಾ ಕೇಳ್ತೀಯ."

"ವರ್ಷಾ ವರ್ಷಾ ಕೊನೆ ದಿನ ಮಲಗ್ತೀನಿ," ಎಂದಳು. "ಜನ ಹೂ ತಂದು ಸುರೀತಿದಾರೆ, ಜೋಯಿಸರು ನನ್ನ ಕೇಳ್ತಾರೆ, ನಿನ್ನ ಅಭಿಪ್ರಾಯ ಏನಮ್ಮ ಅಂತ. ನಿದ್ದೆ ಹೋಗಿದ್ದೆ ಅಂತ ಹೇಗೆ ಹೇಳೋದು?"

"ಅದು ಹೇಳ್ತಾ? ಏನಾಯ್ತು ಅಂತ?"

"ಹೇಳ್ತು ಅನ್ಸುತ್ತೆ. ಒಂದು ಮಧ್ಯಾಹ್ನ ಕಿವಿ ಹತ್ತಿರ ಏನೋ ಗುರುಗುಟ್ತಾ ಇತ್ತು. ನನಗೆ ಮತ್ತೆ ನಿದ್ದೆ ಬಂತು."

ನಗಬಾರದು ಎಂದಿದ್ದಳು. ನಾನು ತಡೆದುಕೊಂಡೆ. ಅವಳಿಗೇ ಮೊದಲು ನಗು ಬಂತು.

"ಮತ್ತೆ ಈ ವರ್ಷ?"

"ಈ ವರ್ಷ ಬರೀ ಎಚ್ಚರ. ಕಣ್ಣಿಗೆ ನೀರು ಹಾಕ್ಕೊಂಡು ಕೂತಿದ್ದೆ. ಸರಿಯಾದ ಅಭಿಪ್ರಾಯ ಬೇಕಲ್ಲ ಅಂತ ಜೋಯಿಸರ ಅವತಾರ ಬಾಯಿಪಾಠ ಮಾಡ್ಕೊಂಡು ಹೋಗಿ ಒಪ್ಪಿಸಿದೆ."

"ಮೀನಾಗಿ ಬಂದವನಿಗೆ ಕರಡಿಯಾಗೋದು ಕಷ್ಟವೇ," ಎಂದೆ.

ಅವಳು ನನ್ನ ಕಡೆ ತಿರುಗಿದಳು. "ನೀವೂ ಅದೇ ಹೇಳಿದ್ರಾ?"

"ಅದರ ಮೇಲೆ ಇನ್ನೂ ಮೂರು ಜನರದ್ದು ಸೇರಿಸಿದ್ದೆ."

"ಅದಕ್ಕೇ ಅದು ಓಡಿಹೋಗಿದೆ," ಎಂದಳು.

ಬೀದಿಯ ಕೊನೆಯಲ್ಲಿ ನಮ್ಮ ನಾದಿನಿ, ನಾಮಕರಣ ಮಾಡಿಸಿದವಳು, ತಲೆಯ ಮೇಲೆ ಸೆರಗು ಹೊದ್ದು, ಜೈನಬಿಯ ಕೈ ಹಿಡಿದು ಏನೋ ಹೇಳುತ್ತಿದ್ದಳು. ಮೊಮ್ಮಗುವಿನ ಚೌಲದ ವಿಷಯವೇ ಇರಬೇಕು. ದಾಕ್ಷಾಯಿಣಿಯ ಮುಖ ನೋಡಿದೆ. ಹೋದ ವರ್ಷ ಕನ್ನಡಿಯಲ್ಲಿ ನೋಡಿದ್ದ ನನ್ನ ಮುಖವೇ ಅದು, ಮೂಗು ಮಾತ್ರ ಬೇರೆ. ಅವಳನ್ನು ನೋಡಿ ನನಗೆ ಎಷ್ಟೋ ದಿನದ ಮೇಲೆ ಸಮಾಧಾನವಾಯಿತು.

"ಹೋದ ವರ್ಷ ಎಷ್ಟು ಉರಿದುಬಿಟ್ಟೆ ಗೊತ್ತಾ ನಿನ್ನ ನೋಡಿ," ಎಂದೆ.

"ನಾನು ನಿಮ್ಮ ನೋಡಿ ಉರೀಲಿಲ್ವಾ?"

"ನನ್ನ ನೋಡಿ ಯಾಕೆ? ನನ್ನ ಕಡೆ ಇದ್ದಿದ್ದು ಬಾಲ."

"ತಲೆ ಕಡೆ ಏನಿತ್ತು ಅಕ್ಕಯ್ಯ? ಗೊರಕೆ. ಬಾಯಿ ವಾಸನೆ. ಬಾಗಿಲು ತೆಗೆದ್ರೆ ಜನ, ಅವರ ಜಗಳ, ಅವರಿಗೆ ಕಾಫಿ. ಬಾಗಿಲು ಮುಚ್ಚೋ ಹಾಗಿಲ್ಲ, ಅದರ ಮೂತಿ ಹೊಸ್ತಿಲ ಮೇಲೆ, ಚಳಿಗಾಳಿ ಎಲ್ಲ ಒಳಗೆ. ಎರಡು ಸಾರಿ ಜ್ವರ ಬಂತು ನನಗೆ. ನಿಮಗೇನು, ಅದರ ಬೆಚ್ಚಗಿನ ಸೊಂಟ ನಿಮ್ಮ ಕೋಣೆ ಗೋಡೆಗೆ. ಒಂದು ದಿನ ಗೋಡೆ ಮುಟ್ಟಿ ನೋಡಿದೆ, ಒಲೆ ಪಕ್ಕದ ಗೋಡೆ ಇದ್ದ ಹಾಗಿತ್ತು. ಅಕ್ಕಯ್ಯ ಒಂದೇ ಕಂಬಳೀಲಿ ಆರಾಮಾಗಿ ಮಲಗಿದಾರೆ ಅಂತ ಹಲ್ಲು ಕಚ್ತಿದ್ದೆ."

ನಾನು ಮಂಡಿಯ ಮೇಲೆ ಕೈ ಇಟ್ಟುಕೊಂಡು ಕೂತೆ. ಉಳಿದುಹೋದ ಎಣ್ಣೆ ನೆನಪಾಯಿತು. ಪ್ರತಿ ಚಳಿಗಾಲ ಮಗ್ಗುಲು ಬದಲಿಸುವಾಗ ನರಳುವವಳು, ಹೋದ ವರ್ಷ ಹೊಟ್ಟೆಯಲ್ಲಿ ಅಷ್ಟು ಉರಿ ಇಟ್ಟುಕೊಂಡೂ ಮಗುವಿನ ಹಾಗೆ ನಿದ್ದೆ ಮಾಡಿದ್ದೆ. ಪೊರಕೆ, ಗೋಣಿಚೀಲ, ಅವಳ ಹಾಲು, ಸಕ್ಕರೆ, ಎಲ್ಲ ಲೆಕ್ಕ ಹಾಕಿದವಳು ಈ ಒಂದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

"ಗಿಣ್ಣಿನ ಹಾಲು ಈಗ ಎಲ್ಲೂ ಸಿಗ್ತಿಲ್ವಾ?" ಎಂದು ಕೇಳಿದೆ.

"ಸಿಗುತ್ತೆ. ಆದ್ರೆ ಗೂಡಿಗೆ ಯಾರೋ ಡಬ್ಬದ ಮುಚ್ಚಳ ಹೊಡೆದಿದಾರೆ."

ಒಳಗೆ ಹೋಗಿ ಇಕ್ಕಳದಲ್ಲಿ ಮೊಳೆ ಕಿತ್ತೆ. ತುಕ್ಕು ಹಿಡಿದಿತ್ತು, ಒಂದು ಮೊಳೆ ಅರ್ಧಕ್ಕೆ ಮುರಿದು ಗಾರೆಯಲ್ಲೇ ಉಳಿಯಿತು. ಬಟ್ಟಲು ಆಚೆ ಈಚೆ ಮಾಡುವಾಗ ಈಗಲೂ ಕೈ ತರಚುತ್ತದೆ. ಸಂಜೆ ಇಬ್ಬರೂ ಸೇರಿ ಜೈನಬಿಯ ಮನೆಗೆ ಹೋದೆವು. ದಾಕ್ಷಾಯಿಣಿ ಮುಖ ಒರೆಸುವುದು ಹೇಗೆಂದು ತೋರಿಸಿದಳು. ನಾನು ತಿದಿಯನ್ನು ಹಿತ್ತಲಿಗೆ ಸಾಗಿಸಿ ಎಂದು ಸಾಬರಿಗೆ ಹೇಳಿ, ಕರಡಿಯ ಸೊಂಟ ಯಾರ ಕೋಣೆಯ ಗೋಡೆಗೆ ತಾಗಿದೆ ಎಂದು ನೋಡಿದೆ. ಜೈನಬಿಯ ಅತ್ತೆಯ ಕೋಣೆ. ಮುದುಕಿ ಗೋಡೆಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿ ಕೂತಿದ್ದಳು. ದಾರಿಯುದ್ದಕ್ಕೂ ಇಬ್ಬರೂ ಆ ಮನೆಯ ಚಹಾದಲ್ಲಿ ಸಕ್ಕರೆ ಕಡಿಮೆ ಎಂದು ಮಾತಾಡಿಕೊಂಡು ಬಂದೆವು.

ಈ ಚಳಿಗಾಲ ನಮ್ಮ ಜಗುಲಿಗೆ ಕರಡಿ ಇಲ್ಲ. ಜನವೂ ಇಲ್ಲ, ಮರ್ಯಾದೆಯೂ ಇಲ್ಲ. ಗೋಡೆ ತಣ್ಣಗಿದೆ, ಮಂಡಿ ನೋಯುತ್ತದೆ, ಎಣ್ಣೆ ಮತ್ತೆ ಕಾಯಿಸಿದ್ದೇನೆ. ನಮ್ಮವರು ಕಾಫಿಗೆ ನನ್ನ ಎದುರು ಬಂದು ಕೂರುತ್ತಾರೆ. ಗೂಡು ತೆರೆದಿದೆ.